ಕರಡಿಗೆ ನನ್ನ ಕೊರಳಲ್ಲಿದ್ದ ಹೊತ್ತು

ನಮ್ಮ ಮನೆಗೆ ಹೊಸ ಸೋಫಾ ಬಂದ ವರ್ಷ ಅದು. ಹೈದರಾಬಾದಿನಲ್ಲಿ ಆಗ ಎಲ್ಲರ ಮನೆಗೂ ಏನಾದರೊಂದು ಹೊಸದು ಬರುತ್ತಿತ್ತು. ನಮ್ಮವರು ಮಾಧಾಪುರದ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ಮೆಹದಿಪಟ್ಟಣಂನ ಎರಡನೇ ಮಹಡಿಯ ಮನೆಯಲ್ಲಿ ನಾನು, ಅವರು, ಅತ್ತೆ. ನಮ್ಮವರ ಅಣ್ಣ, ಅಂದರೆ ನನ್ನ ಭಾವ, ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕಿದ್ದರು. ಅವರ ಹೆಂಡತಿ, ನನ್ನ ನೆಗೆಣ್ಣಿ, ಆಗಾಗ ಬಸ್ಸು ಹತ್ತಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ ಹಿಡಿದುಕೊಂಡು ಅತ್ತೆಯನ್ನು ನೋಡಲು ಬರುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಇಲ್ಲೂ ಅಕ್ಕ ಎಂದೇ ಬರೆಯುತ್ತೇನೆ.

ಆ ಸಲ ಬಂದ ಅಕ್ಕ ಸೋಫಾದ ಮೇಲೆ ಕೂರುವ ಮೊದಲು ಚೀಲದಿಂದ ಒಂದು ಹಳೆಯ ಟವೆಲ್ ತೆಗೆದು, ಮಡಿಸಿ, ಹಾಸಿಕೊಂಡು ಅದರ ಮೇಲೆ ಕೂತರು.

"ಏನವ್ವಾ, ಸೋಫಾ ಹೊಸಾದಂತ ಇಷ್ಟು ಮರ್ಯಾದಿ?" ಎಂದರು ಅತ್ತೆ. "ನನಗ ಒಂದಿನಾನೂ ಇಷ್ಟು ಮರ್ಯಾದಿ ಕೊಡಲಿಲ್ಲಲ್ಲ ನೀ!"

"ಬಸ್ಸಿನ್ಯಾಗ ಭಾಳ ಬೆವತೀನ್ರಿ ಅತ್ತಿ. ಕಲಿ ಆಗತೈತಿ."

ಸಂಕ್ರಾಂತಿಯ ಹಿಂದಿನ ಥಂಡಿ ದಿನಗಳು. ಅಕ್ಕನ ಹಣೆ ಒಣಗಿತ್ತು. ತಿಳಿ ಬಣ್ಣದ ಸೀರೆಗಳೆಂದರೆ ಅವರಿಗೆ ಪ್ರಾಣ. ಆದರೆ ಅಂದು ಉಟ್ಟದ್ದು ಗಾಢ ಕಂದು. ಅದರ ಹಿಂದಿನ ಸಲವೂ ಕಂದು ಎಂದು ನೆನಪಾಯಿತು. ಎದ್ದಾಗ ಟವೆಲನ್ನು ಮಡಿಸುವ ಮೊದಲು ಅದರ ಮೇಲೆ ಕಣ್ಣು ಹಾಯಿಸಿ, ಒಳಮಗ್ಗುಲು ಮಾಡಿ ಚೀಲಕ್ಕೆ ತುರುಕಿದರು. ನಾನು ಅವರ ಹಿಂದೆಯೇ ಅಡುಗೆಮನೆಗೆ ಹೋದೆ.

"ಅಕ್ಕಾರ, ಎಷ್ಟು ದಿನದಿಂದ ಐತ್ರಿ?"

ಏನು ಎಂದು ಅವರು ಕೇಳಲಿಲ್ಲ. ಹಿಟ್ಟು ನಾದುತ್ತಲೇ ಇದ್ದರು.

"ಮಳಿಗಾಲದಿಂದ. ನಿಂತು ಹೋಗಿತ್ತಲ್ಲ, ಎರಡು ವರ್ಷ ಆಗಿತ್ತು. ಮತ್ತ ಶುರು ಆತು. ಒಲಿ ಮುಂದ ಕೂಡ್ತೀನಲ್ಲ, ಉಷ್ಣ ಅಂತ ತಿಳಕೊಂಡೆ. ಕೊತ್ತಂಬರಿ ಬೀಜದ ನೀರು ಕುಡದೆ."

"ಭಾವಾರಿಗೆ ಹೇಳಲಿಲ್ಲೇನ್ರಿ?"

"ಏನಂತ ಹೇಳ್ಲಿ? ನಾ ಮತ್ತ ಹುಡುಗಿ ಆಗಾಕತ್ತೀನಿ ಅಂತನಾ?"

ನಕ್ಕರು. ನಾನೂ ನಕ್ಕೆ.

ನಮ್ಮಲ್ಲಿ ಮುಟ್ಟಾದವರು ದೂರ ಕೂರುವ ಪದ್ಧತಿ ಇಲ್ಲ. ನಾವು ಲಿಂಗಾಯತರು; ಮೈಮೇಲೆ ಲಿಂಗವಿದ್ದವರಿಗೆ ಮೈಲಿಗೆಯೇ ಇಲ್ಲ ಎಂಬುದು ಹಿರಿಯರ ಮಾತು. ಒಳ್ಳೆಯ ಮಾತೇ. ಆದರೆ ಒಬ್ಬ ಹೆಂಗಸಿಗೆ ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದರೂ ಅದೇ ಮನೆಯ ಇನ್ನೊಬ್ಬರಿಗೆ ಅದು ತಿಳಿಯುವ ದಾರಿಯೂ ಅಲ್ಲಿರಲಿಲ್ಲ. ಟವೆಲ್ ಒಂದೇ ಹೇಳಿತು.

ನಾನು ಅಕ್ಕನನ್ನು ಕರೆದುಕೊಂಡು ಹೋದ ಡಾಕ್ಟರ್ ವಯಸ್ಸಾದ ಹೆಂಗಸು, ಮಾತು ಕಡಿಮೆ. ಪರೀಕ್ಷೆ ಮಾಡಿ ಒಂದು ಚೂರು ಮಾಂಸ ತೆಗೆದು ಲ್ಯಾಬಿಗೆ ಕಳಿಸಿದರು. ಫಲಿತಾಂಶ ಬಂದ ದಿನ ಅಕ್ಕನ ಜೊತೆ ತೆಲುಗಿನಲ್ಲಿ ಎರಡು ಮಾತಾಡಿ, ಉಳಿದದ್ದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ಹುಬ್ಬಳ್ಳಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾದ ಮೇಲೆ ಆ ಇಂಗ್ಲಿಷು ಔಷಧದ ಬಾಟಲಿ ಓದುವುದಕ್ಕೆ ಬಿಟ್ಟರೆ ಹೆಚ್ಚೇನೂ ಉಪಯೋಗಕ್ಕೆ ಬಂದಿರಲಿಲ್ಲ. ಅಂದು ಬಂತು.

ಗರ್ಭಕೋಶದ ಕೊರಳಿನಲ್ಲಿ ಕ್ಯಾನ್ಸರ್ ಗಡ್ಡೆ. ಅದು ಕೊರಳಿನೊಳಗೇ ಇದ್ದರೆ ಆಪರೇಷನ್ ಮಾಡಿ ತೆಗೆಯಬಹುದು. ಪಕ್ಕದ ಮೆತ್ತನೆಯ ಭಾಗಕ್ಕೆ ದಾಟಿದ್ದರೆ ಕೊಯ್ಯುವಂತಿಲ್ಲ, ವಿಕಿರಣ ಕೊಡಬೇಕು. "ಹಂತ ಯಾವುದು ಎಂದು ನಾವು ಬರೆಯುವುದು ಬೆರಳಿನ ಪರೀಕ್ಷೆಯಿಂದಲೇ," ಎಂದರು ಡಾಕ್ಟರ್. "ಎಡಕ್ಕೆ ನನ್ನ ಬೆರಳಿಗೆ ಏನೂ ಸಿಗಲಿಲ್ಲ. ಬಲಕ್ಕೆ ಸ್ವಲ್ಪ ಗಟ್ಟಿ. ಅದು ರೋಗವೋ ಹಳೆಯ ಸೋಂಕಿನ ಬಾವೋ ಬೆರಳು ಹೇಳುವುದಿಲ್ಲ. ಬರೀ ಅನುಮಾನದ ಮೇಲೆ ನಾನು ಯಾರ ಹೊಟ್ಟೆಯನ್ನೂ ತೆರೆಯುವುದಿಲ್ಲ, ಯಾರಿಗೂ ಆಪರೇಷನ್ ತಪ್ಪಿಸುವುದೂ ಇಲ್ಲ. ಎಂ.ಆರ್.ಐ. ಮಾಡಿಸಿಕೊಂಡು ಬನ್ನಿ."

ನಾನು ನನಗೆ ಬಂದ ಹಾಗೆ ಕನ್ನಡದಲ್ಲಿ ಹೇಳಿದೆ. ಅಕ್ಕ ತಲೆಯಾಡಿಸಿದರು.

"ಅಂದ್ರ ಗ್ವಾಡಿ ದಾಟೇತೋ ಇಲ್ಲೋ ನೋಡೂದು. ದಾಟಿರೂದಿಲ್ಲ ಬಿಡು. ಕೊಯ್ಸಿಕೊಂಡು ಮನಿಗೆ ಹೋಗೂಣು."

ಅವರ ಮನಸ್ಸಿನಲ್ಲಿ ಏನಿತ್ತೆಂದು ವಾಪಸು ಬರುವಾಗ ಆಟೋದಲ್ಲಿ ತಿಳಿಯಿತು. ಅವರ ಕಾಲೊನಿಯಲ್ಲಿ ಇಬ್ಬರಿಗೆ ಇಂಥದೇ ಆಗಿತ್ತಂತೆ. ಒಬ್ಬಾಕೆಗೆ ಆಪರೇಷನ್ ಮಾಡಿದ್ದರು. ಈಗಲೂ ಬಾವಿಯಿಂದ ನೀರು ಸೇದುತ್ತಾಳೆ. ಇನ್ನೊಬ್ಬಾಕೆಗೆ ಕರೆಂಟ್ ಇಟ್ಟಿದ್ದರು. ವಿಕಿರಣಕ್ಕೆ ಅಲ್ಲಿ ಹಾಗೇ ಹೇಳುತ್ತಿದ್ದರು. ಆಕೆ ಯುಗಾದಿ ಕಾಣಲಿಲ್ಲ.

"ಕೊಯ್ದವರು ಉಳದಾರ, ಕರೆಂಟ್ ಇಟ್ಟವರು ಹೋಗ್ಯಾರ. ನಾ ಕಣ್ಣಾರೆ ಕಂಡೀನಿ ತಂಗಿ," ಎಂದರು. ಆಟೋದ ಸದ್ದಿನಲ್ಲಿ ಅಷ್ಟೇ ಕೇಳಿಸಿತು. ಅಷ್ಟು ಸಾಕಾಗಿತ್ತು.

ಸ್ಕ್ಯಾನಿನ ಜಾಗ ಒಂದು ಹೊಸ ಗಾಜಿನ ಕಟ್ಟಡದಲ್ಲಿತ್ತು. ಅದರ ಕೆಳ ಅಂತಸ್ತಿನಲ್ಲಿ ಕಂಪ್ಯೂಟರ್ ಕ್ಲಾಸು. ಮೆಟ್ಟಿಲ ಮೇಲೆಲ್ಲ ಫೈಲು ತಬ್ಬಿಕೊಂಡ ಹುಡುಗ ಹುಡುಗಿಯರು. ಇಂಟರ್‌ವ್ಯೂ ಇತ್ತೇನೋ, ಒಬ್ಬಳು ಗೋಡೆಗೆ ಮುಖ ಮಾಡಿ ತನ್ನನ್ನು ಪರಿಚಯಿಸಿಕೊಳ್ಳುವುದನ್ನು ಇಂಗ್ಲಿಷಿನಲ್ಲಿ ಉರುಹಚ್ಚುತ್ತಿದ್ದಳು.

"ಇವರಿಗೂ ಅದರೊಳಗ ಹೋಗೂದು ಐತೇನು?" ಎಂದು ಅಕ್ಕ ಪಿಸುಗುಟ್ಟಿದರು.

"ಇಲ್ರಿ, ಇವರು ಕಂಪ್ಯೂಟರ್ ಕಲಿಯೋರು."

"ಹಂಗಾರ ಮಾರಿ ಯಾಕ ನಮ್ಮಂಗ ಆಗ್ಯಾವು?"

ಆ ಯಂತ್ರ ದೊಡ್ಡ ಅಯಸ್ಕಾಂತ; ಮೈಮೇಲೆ ಲೋಹದ ಚೂರೂ ಇರಬಾರದು ಎಂದು ಮೊದಲೇ ಹೇಳಿದ್ದರು. ಪರದೆಯ ಹಿಂದೆ ನಾನು ಅಕ್ಕನ ಕಾಲುಂಗುರಗಳಿಗೆ ಸಾಬೂನು ಹಚ್ಚಿ ತಿರುಗಿಸಿ ತೆಗೆದೆ. ಮೂಗುಬಟ್ಟು ಬಂತು. ತಾಳಿಯ ಸರದ ಬಗ್ಗೆ ನನಗೆ ಹಿಂದಿನ ದಿನದಿಂದ ಚಿಂತೆಯಿತ್ತು. ಹೇಗೆ ಕೇಳುವುದು ಎಂದು ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಅಕ್ಕ ತಾವೇ ತಲೆಯ ಮೇಲಿಂದ ತೆಗೆದು ನನ್ನ ಅಂಗೈಗೆ ಹಾಕಿದರು.

"ಹಿಡಿ. ಇದು ನಿಮ್ಮ ಭಾವಾರು ಕಟ್ಟಿದ್ದು. ಅವರು ಪಾಳಿ ಮ್ಯಾಲೆ ಅದಾರ. ಅವರಿಗೇನು ಕಾಣತೈತಿ?"

ನನಗೆ ಹಗುರಾಯಿತು. ಬಾಗಿಲಲ್ಲಿ ನಿಂತಿದ್ದ ಸ್ಕ್ಯಾನಿನ ಹೆಂಗಸು ಸಿನೆಮಾ ಥಿಯೇಟರಿನಲ್ಲಿ ತಪಾಸಣೆ ಮಾಡುವಂಥ ಕೋಲನ್ನು ಅಕ್ಕನ ಮೈಮೇಲೆ ಆಡಿಸಿದರು. ಎದೆಯ ಹತ್ತಿರ ಅದು ಕೂಗಿತು. ನಿಲುವಂಗಿಯ ಒಳಗೆ, ಬಿಳಿ ದಾರದಲ್ಲಿ, ಲಿಂಗದ ಬೆಳ್ಳಿಯ ಕರಡಿಗೆ.

"ಅಮ್ಮಾ, ಯೇ ಭೀ ನಿಕಾಲ್ನಾ ಪಡ್ತಾ," ಎಂದರು ಆಕೆ. ಇದನ್ನೂ ತೆಗೆಯಬೇಕು.

"ಇದು ತಗಿಯೂದಿಲ್ಲ."

ದನಿ ಏರಲಿಲ್ಲ. ರೊಟ್ಟಿಗೆ ಉಪ್ಪು ಹಾಕೂದಿಲ್ಲ ಎಂದ ಹಾಗೆ ಹೇಳಿದರು. ನಾನು ಎಲ್ಲ ಬಗೆಯಲ್ಲೂ ಕೇಳಿಕೊಂಡೆ. ಅರ್ಧ ತಾಸಿನ ಮಾತು, ನಾನೇ ಕೈಯಲ್ಲಿ ಹಿಡಿದಿರುತ್ತೇನೆ, ಕೆಳಗಿಡುವುದಿಲ್ಲ ಎಂದೆ.

"ತಂಗಿ, ಹುಟ್ಟಿದಾಗಿಂದ ಇದು ನನ್ನ ಮೈ ಬಿಟ್ಟಿಲ್ಲ. ನಾವು ಸತ್ತವರಿಗೂ ಬಿಡಸೂದಿಲ್ಲ, ಕೈಯಾಗ ಕೊಟ್ಟು ಮಣ್ಣು ಮಾಡ್ತೀವಿ. ನಾ ಇನ್ನಾ ಬದುಕೀನಿ. ಬದಕಿದಾಕೀಗೆ ಬಿಡಸ್ತೀಯೇನು?"

ಬೆಳ್ಳಿ ಬಿಟ್ಟು ಬರೀ ಲಿಂಗವನ್ನು ಅರಿವೆಯಲ್ಲಿ ಕಟ್ಟಿಕೊಂಡರೆ ಆದೀತೆ ಎಂದು ಸ್ಕ್ಯಾನಿನ ಹೆಂಗಸನ್ನು ಕೇಳಿದೆ. ಅದರೊಳಗೆ ಏನಿದೆ ಎಂದರು ಆಕೆ. ಕಲ್ಲು ಎಂದೆ. ಕಲ್ಲು ಮಾತ್ರವೇ? ಲಿಂಗಕ್ಕೆ ಮೆತ್ತಿದ ಕರಿಯ ಕಂಥಿಯ ಲೇಪದ ಒಳಗೆ ಏನಿದೆ ಎಂದು ಯಾರು ಒಡೆದು ನೋಡಿದ್ದಾರೆ? ಗೊತ್ತಿಲ್ಲದ್ದನ್ನು ಒಳಗೆ ಬಿಡುವಂತಿಲ್ಲ ಎಂದು ಆಕೆ ಮೆತ್ತಗೇ ಹೇಳಿ, ಅಕ್ಕನ ಭುಜ ಮುಟ್ಟಿ, ಮುಂದಿನವರ ಹೆಸರು ಕೂಗಿದರು. ನಾನು ಮತ್ತೆ ಕೂತು ಅಕ್ಕನ ಕಾಲುಂಗುರ ಹಾಕಿದೆ. ಸಾಬೂನು ಒಣಗಿತ್ತು. ತೆಗೆಯುವುದಕ್ಕಿಂತ ಹಾಕುವುದು ಕಷ್ಟವಾಯಿತು.

ಮನೆಯಲ್ಲಿ ಅತ್ತೆ ಮೊರದಲ್ಲಿ ಜೋಳ ಕೇರುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಆ ಗವಿಯಂಥ ಯಂತ್ರ, ಮಲಗಿಸಿ ಒಳಗೆ ಸರಿಸುವ ರೀತಿ, ಒಳಗೆ ಹೋಗದಿದ್ದರೆ ಡಾಕ್ಟರ್ ಏನನ್ನೂ ಶುರು ಮಾಡುವುದಿಲ್ಲ ಎಂಬುದು. ಬೈಗುಳ ಮೊದಲು ನನಗೇ ಬಿತ್ತು.

"ಲಿಂಗ ಬಿಚ್ಚು ಅಂತ ಬುದ್ಧಿ ಹೇಳಾಕ ಹ್ವಾದಾಕಿ ಯಾರು? ತನ್ನ ಲಿಂಗ ಜಗಲಿ ಮ್ಯಾಲೆ ಇಟ್ಟು ಊರೆಲ್ಲ ತಿರಗಾಕಿ! ಕಾನ್ವೆಂಟಿನಾಕಿ!"

ಸುಳ್ಳಲ್ಲ. ಶಾಲೆಯಲ್ಲಿದ್ದಾಗ ನನ್ನ ಕರಡಿಗೆ ಯೂನಿಫಾರ್ಮಿನ ಒಳಗಿರುತ್ತಿತ್ತು. ಒಮ್ಮೆ ಆಟದ ಹೊತ್ತಿನಲ್ಲಿ ಅದು ಹೊರಗೆ ಜಿಗಿದಾಗ ಸಿಸ್ಟರ್ ಹತ್ತಿರ ಕರೆದು, ಏನಿದು ಎಂದು ಕೇಳಿ, ತಮ್ಮ ಕೊರಳಿನ ಶಿಲುಬೆಯನ್ನು ಎತ್ತಿ ತೋರಿಸಿ, ಎರಡನ್ನೂ ಒಳಗೆ ಹಾಕಿಕೊಳ್ಳೋಣ ಎಂದು ನಕ್ಕಿದ್ದರು. ಕಾನ್ವೆಂಟು ನನ್ನ ಲಿಂಗ ಬಿಡಿಸಲಿಲ್ಲ. ಹೈದರಾಬಾದಿಗೆ ಬಂದ ಮೇಲೆ ಯಾವಾಗಲೋ ಸ್ನಾನದ ಹೊತ್ತಿಗೆ ದೇವರ ಜಗಲಿಯ ಮೇಲಿಟ್ಟದ್ದು ಅಲ್ಲೇ ಉಳಿಯಿತು, ಅಷ್ಟೆ.

ಅತ್ತೆ ಸ್ವಲ್ಪ ಹೊತ್ತು ಜೋಳ ಕೇರಿದರು. ಕಲ್ಲು ಆರಿಸಿ ಎಸೆದರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ನೀ ನಿಮ್ಮವ್ವನ ಹೊಟ್ಟಿಯೊಳಗ ಇದ್ದಾಗ ನಿನ್ನ ಲಿಂಗ ಎಲ್ಲಿತ್ತು?"

"ಅವ್ವನ ತೋಳಿಗಿತ್ರಿ. ಎಂಟು ತಿಂಗಳು ತುಂಬಿದಾಗ ಅಯ್ಯನೋರು ಬಂದು ಕಟ್ಟಿದ್ರಂತ." ನಮ್ಮ ಬಿಜಾಪುರದ ಕಡೆ ಹಳೆಯ ಮನೆತನಗಳಲ್ಲಿ ಹಾಗೆ, ಹುಟ್ಟಲಿರುವ ಕೂಸಿನ ಲಿಂಗವನ್ನು ಬಸುರಿಯೇ ಹೊರುತ್ತಾಳೆ.

"ನಿನ್ನ ಕೊಳ್ಳಾಗ ಇರಲಿಲ್ಲಲ್ಲ, ಆಗ ನೀ ಸತ್ತಿದ್ದೇನು?"

"ಆಗ ನಾ ಹೊಟ್ಟಿಯಾಗ ಇದ್ನೆಲ್ರಿ ಅತ್ತಿ."

"ಈಗೂ ಒಂದು ಹೊಟ್ಟಿಯೊಳಗ ಹೊಂಟೀಯಲ್ಲ. ಒಳಗ ಇರೂತನಕ ಹೊರಗಿನಾಕಿ ಹೊರಬೇಕು. ಹೊರಗ ಬಂದಕೂಡ್ಲೆ ನಿಂದು ನಿನಗ."

ಅಕ್ಕ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೂತರು. "ಹೊರೋರು ಯಾರ್ರಿ?" ಎಂದರು.

"ಈಕಿ ಕೊಳ್ಳಾಗ ಜಾಗಾ ಖಾಲಿ ಐತೆಲ್ಲ! ಮೆಹದಿಪಟ್ಟಣಂದಾಗ ಖಾಲಿ ಜಾಗಾ ಸಿಗೂದು ಅಂದ್ರ ಏನ ಸಣ್ಣ ಮಾತೇನು?"

ಅತ್ತೆ ಹೇಳಿದ್ದು ಶಾಸ್ತ್ರಕ್ಕೆ ಒಪ್ಪುತ್ತದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂದು ಯಾರೂ ಯಾವ ಗುರುಗಳನ್ನೂ ಕೇಳಲಿಲ್ಲ. ಅಕ್ಕ ಮಾತ್ರ ನೇಮ ಹಾಕಿದರು. "ಜಳಕಾ ಮಾಡಿರಬೇಕು. ಚಹಾ ಸೈತ ಕುಡದಿರಬಾರದು. ಆಟೋದವನ ಕೂಡ ಜಗಳಾ ಮಾಡಬಾರದು."

"ಜಗಳಾ ಮಾಡಬಾರದು ಅನ್ನೂದೂ ನೇಮ ಏನ್ರಿ ಅಕ್ಕಾರ?"

"ಅಲ್ಲ. ಆದ್ರ ನೀ ಭಾಳ ಜಗಳಾ ಮಾಡ್ತಿ."

ಮತ್ತೆ ಪಾಳಿ ಸಿಗಲು ಕಾಯಬೇಕಾಯಿತು. ಸಿಕ್ಕ ದಿನ ಪರದೆಯ ಹಿಂದೆ ಅಕ್ಕ ಸ್ಟೂಲಿನ ಮೇಲೆ ಕೂತು, ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದರು. ವಿಭೂತಿ ಹಚ್ಚಿ, ಹಣೆಗೆ ಒತ್ತಿಕೊಂಡು, ಕರಡಿಗೆಗೆ ಹಾಕಿ ಮುಚ್ಚಿದರು. ಸ್ಕ್ಯಾನಿನ ಹೆಂಗಸು ಅವಸರ ಮಾಡಲಿಲ್ಲ. ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ನಿಂತಿದ್ದರು. ಅಕ್ಕ ನನ್ನ ಹಿಂದೆ ಬಂದು ದಾರ ಕಟ್ಟಿದರು.

"ಗಂಟು ನಾನ ಹಾಕೀನಿ. ನಾನ ಬಿಚ್ತೀನಿ. ನೀ ಕೈ ಹಚ್ಚಬ್ಯಾಡ."

ಕೋಲು ಈ ಸಲ ಕೂಗಲಿಲ್ಲ. ಬಾಗಿಲು ಮುಚ್ಚಿತು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಯಂತ್ರ ಬೋರ್‌ವೆಲ್ ಕೊರೆಯುವ ಹಾಗೆ ಕುಟ್ಟತೊಡಗಿತು, ನಿಂತಿತು, ಬೇರೆ ಲಯ ಹಿಡಿಯಿತು. ಬೆಳ್ಳಿಯಲ್ಲಿ ಇನ್ನೂ ಅಕ್ಕನ ಮೈಯ ಬಿಸಿ ಇತ್ತು. ದಾರದಿಂದ ವಿಭೂತಿ ಮತ್ತು ಜೋಳದ ಹಿಟ್ಟಿನ ವಾಸನೆ ಬರುತ್ತಿತ್ತು. ನಾನು ಬಸುರಿಯ ಹಾಗೆ, ಬೆನ್ನಿಗೆ ಒಂದು ಕೈ ಕೊಟ್ಟು ಕೂತಿದ್ದೇನೆ ಎಂದು ಎಷ್ಟೋ ಹೊತ್ತಿನ ಮೇಲೆ ಗಮನಕ್ಕೆ ಬಂತು. ಬೆಳ್ಳಿ ಆರಿ ನನ್ನ ಮೈಯ ಬಿಸಿಗೆ ಬರುವವರೆಗೂ ಹಾಗೇ ಕೂತಿದ್ದೆ.

ಚಿತ್ರ ನೋಡುವ ಡಾಕ್ಟರ್ ನನ್ನ ಓರಗೆಯ ಹೆಣ್ಣುಮಗಳು. ಅಕ್ಕ ಸೀರೆ ಉಡುತ್ತಿರುವಾಗಲೇ ನನ್ನನ್ನು ಕರೆದು, ತೆರೆಯ ಮೇಲೆ ಪೆನ್ನಿನಿಂದ ತೋರಿಸಿದರು. ಕೊರಳಿನ ಗೋಡೆ ಕಪ್ಪಗೆ ಬಳೆಯ ಹಾಗೆ ಕಾಣುತ್ತದೆ. ಅದರೊಳಗೆ ಬೂದುಬಣ್ಣದ್ದು ಗಡ್ಡೆ. ಕಪ್ಪು ಬಳೆ ಸುತ್ತಲೂ ಇಡಿಯಾಗಿದ್ದರೆ ರೋಗ ಒಳಗೇ ಇದೆ ಎಂದು ಅರ್ಥ. ಅವರ ಪೆನ್ನು ಬಳೆಯ ಮೇಲೆ ಮೆಲ್ಲಗೆ ಸರಿಯುತ್ತ ಹೋಯಿತು. ಎಡಕ್ಕೆ ಕಪ್ಪು, ಕೆಳಗೆ ಕಪ್ಪು, ಮೇಲೆ ಕಪ್ಪು. ಬಲಕ್ಕೆ ಬಂದಾಗ ಪೆನ್ನು ನಿಂತಿತು. ಅಲ್ಲಿ ಬಳೆ ಇರಲಿಲ್ಲ. ಬೂದುಬಣ್ಣ ಮೋಡದಂತೆ ಹೊರಗೆ ಚಾಚಿತ್ತು.

"ಮೂತ್ರಕೋಶ ಚೊಕ್ಕವಾಗಿದೆ, ಗ್ರಂಥಿಗಳೂ ದೊಡ್ಡವಾಗಿಲ್ಲ. ಅದು ಒಳ್ಳೆಯ ಸುದ್ದಿ," ಎಂದರು. "ಆದರೆ ಇಲ್ಲಿ ದಾಟಿದೆ."

ಹಿರಿಯ ಡಾಕ್ಟರ ಬೆರಳಿಗೆ ಬಲಕ್ಕೆ ಗಟ್ಟಿಯಾಗಿ ಸಿಕ್ಕದ್ದು ರೋಗವೇ ಆಗಿತ್ತು.

ಹೊರಗೆ ಅಕ್ಕ ನಿಂತಿದ್ದರು. ನಾನು ಬಾಯಿ ತೆರೆದೆ.

"ತಡಿ. ಮೊದಲ ಅದನ್ನ ಕೊಡು."

ಬೆನ್ನು ತಿರುಗಿಸಿ ನಿಂತೆ. ಅವರ ಬೆರಳುಗಳು ನನ್ನ ಕತ್ತಿನ ಮೇಲೆ ಗಂಟು ಹುಡುಕಿ ಬಿಚ್ಚಿದವು. ಕರಡಿಗೆ ತಮ್ಮ ಕೊರಳಿಗೆ ಕಟ್ಟಿಕೊಂಡು, ಸೆರಗಿನೊಳಗೆ ಸರಿಸಿ, ಅದರ ಮೇಲೆ ಕೈಯಿಟ್ಟುಕೊಂಡರು.

"ಹೇಳೀಗ."

"ಬಲಕ್ಕ ಒಂಚೂರು ದಾಟೇತ್ರಿ ಅಕ್ಕಾರ."

"ಕೊಯ್ಯೂದಿಲ್ಲ?"

"ಕೊಯ್ಯೂದಿಲ್ರಿ."

ಬೆಂಚಿನ ಮೇಲೆ ಕೂತುಬಿಟ್ಟರು. ಕಾಲೊನಿಯ ಆ ಇನ್ನೊಬ್ಬಾಕೆ ನಮ್ಮಿಬ್ಬರ ನಡುವೆ ಬಂದು ಕೂತ ಹಾಗಾಯಿತು. ಆಮೇಲೆ ಎದ್ದು, "ನನಗೂ ತೋರಸು. ನಂದ ಅಲ್ಲೇನು ಅದು?" ಎಂದರು.

ಡಾಕ್ಟರ್ ಬೇಡ ಎನ್ನಲಿಲ್ಲ. ಅದೇ ಪೆನ್ನು ಅದೇ ದಾರಿಯಲ್ಲಿ ಮತ್ತೆ ಸರಿಯಿತು. ಅಕ್ಕ ತೆರೆಯ ಹತ್ತಿರಕ್ಕೆ ಮುಖ ತಂದು ನೋಡಿದರು.

"ರೊಟ್ಟಿ ಬಡಿಯೂ ಮುಂದ ಅಂಚು ಬಿಟ್ಟಂಗ ಐತಿ," ಎಂದರು.

ಏನೆಂದರು ಎಂದು ಡಾಕ್ಟರ್ ಕೇಳಿದರು. ಜೋಳದ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ, ಅದರ ಮಾತು ಎಂದೆ. ಕಾಲೊನಿಯಾಕೆಯ ಕಥೆಯನ್ನೂ ಹೇಳಿದೆ. ಅವರು ಕುರ್ಚಿ ತಿರುಗಿಸಿ ಅಕ್ಕನಿಗೇ ಹೇಳಿದರು. ನಾನು ಹಿಂದೆ ಹಿಂದೆ ಕನ್ನಡ ಮಾಡುತ್ತ ಹೋದೆ. ಅಂಚು ಬಿಟ್ಟದ್ದು ತಿಳಿಯದೆ ಕೊಯ್ದಿದ್ದರೆ ಅಂಚಿನಲ್ಲಿದ್ದದ್ದು ಒಳಗೇ ಉಳಿಯುತ್ತಿತ್ತು. ಆಗ ಹೊಟ್ಟೆಯನ್ನೂ ಕೊಯ್ದು, ಆಮೇಲೆ ಕರೆಂಟನ್ನೂ ಇಡಬೇಕಾಗುತ್ತಿತ್ತು. ಒಂದು ನೋವಿಗೆ ಎರಡು. ನಿಮ್ಮ ಕಾಲೊನಿಯಾಕೆ ಯಾವ ಹಂತದಲ್ಲಿ ಬಂದಿದ್ದರೋ ನನಗೆ ತಿಳಿಯದು. ನಿಮ್ಮದು ದೂರ ಹೋಗಿಲ್ಲ. ಇದಕ್ಕೆ ಮದ್ದೇ ಅದು.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಏನನ್ನಾದರೂ ಸಿಹಿ ಮಾಡಿ ಹೇಳುತ್ತಿದ್ದೇನೋ ಎಂದು. ನಾನು ಮಾಡಲಿಲ್ಲ.

"ಆತು," ಎಂದರು ಕೊನೆಗೆ. "ಇಷ್ಟು ವರ್ಷ ರೊಟ್ಟಿ ಬೇಯಿಸೀನಿ. ಈಗ ನನ್ನ ಪಾಳಿ."

ಚಿಕಿತ್ಸೆಯ ವಾರಗಳಲ್ಲಿ ಅಕ್ಕ ನಮ್ಮ ಮನೆಯಲ್ಲೇ ಇದ್ದರು. ಭಾವ ಪಾಳಿ ಮುಗಿಸಿ, ಬಟ್ಟೆಗೆಲ್ಲ ಔಷಧದ ಘಾಟು ಹೊತ್ತುಕೊಂಡು ಬಂದು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಹೋಗುತ್ತಿದ್ದರು. ಏನು ಮಾತಾಡಬೇಕೋ ತಿಳಿಯದೆ ದಿನವೂ ಬಾಳೆಹಣ್ಣು ತರುತ್ತಿದ್ದರು. ಅತ್ತೆ, "ಹೆಂಡತಿ ಅನಕೊಂಡೀಯೋ ಮಂಗ್ಯಾ ಅನಕೊಂಡೀಯೋ?" ಎಂದರೂ ಬಿಡಲಿಲ್ಲ. ಕರೆಂಟಿನ ಜೊತೆಗೆ ವಾರಕ್ಕೊಮ್ಮೆ ಸಲೈನಿನಲ್ಲಿ ಔಷಧ ಹಾಕಿಸಿಕೊಂಡು ಬಂದ ದಿನ ಅಕ್ಕನಿಗೆ ನೀರೂ ನಿಲ್ಲುತ್ತಿರಲಿಲ್ಲ. ಹೊಟ್ಟೆ ಕೆಟ್ಟಿತು, ಮೈ ಸೋತಿತು, ಮಜ್ಜಿಗೆ ಅನ್ನವನ್ನು ಕಿವುಚಿ ಕೊಟ್ಟರೂ ಎರಡು ತುತ್ತಿಗೆ ಸಾಕೆನ್ನುತ್ತಿದ್ದರು. ಒಂದು ದಿನ ಮಾತ್ರ, ಗೋಡೆ ಕಡೆ ತಿರುಗಿ ಮಲಗಿ, "ತಂಗಿ, ಆಕೀನೂ ಹಿಂಗ ಮಜ್ಜಿಗಿ ಅನ್ನ ಉಣ್ತಿದ್ಲು," ಎಂದರು. ನಾನು ತಟ್ಟೆ ಕೆಳಗಿಟ್ಟು ಅವರ ಕಾಲು ಒತ್ತುತ್ತ ಕೂತೆ.

ಆಮೇಲೊಂದು ಮಧ್ಯಾಹ್ನ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದೆ. ಅಕ್ಕನ ಹಳೆಯ ಟವೆಲ್ ತಂತಿಯ ಮೇಲಿತ್ತು. ಒಣಗಿ ಗರಿಗರಿಯಾಗಿತ್ತು, ಎಷ್ಟು ದಿನದಿಂದ ಅಲ್ಲೇ ಇತ್ತೋ. ಒಳಗೆ ಇಣುಕಿದೆ. ಅಕ್ಕ ಸೋಫಾದ ಮೇಲೆ ಏನನ್ನೂ ಹಾಸಿಕೊಳ್ಳದೆ ಕೂತು ಅತ್ತೆಯ ಜೊತೆ ಅವರೆಕಾಯಿ ಸುಲಿಯುತ್ತಿದ್ದರು. ಉಟ್ಟದ್ದು ತಿಳಿಹಳದಿ ಸೀರೆ. ಟವೆಲನ್ನು ಮಡಿಸಿ ಒಳಗಿಟ್ಟೆ.

ಎಲ್ಲ ಮುಗಿದು ಕೆಲವು ತಿಂಗಳಾದ ಮೇಲೆ ಮತ್ತೆ ಅದೇ ಗಾಜಿನ ಕಟ್ಟಡ. ಮೆಟ್ಟಿಲ ಮೇಲೆ ಬೇರೆ ಹುಡುಗರು, ಅದೇ ಮುಖಗಳು. ನಾನು ಚಹಾ ಕುಡಿಯದೆ, ಆಟೋದವನ ಜೊತೆ ಜಗಳವಾಡದೆ ಬಂದಿದ್ದೆ. ಅಕ್ಕ ದಾರ ಕಟ್ಟಿ ಒಳಗೆ ಹೋದರು. ಯಂತ್ರ ಕುಟ್ಟಿತು. ಬೇಸಿಗೆ, ಹೊರಗೆ ಫ್ಯಾನು ನಿಂತಿತ್ತು, ಕತ್ತಿನ ಬೆವರು ದಾರಕ್ಕೆ ಇಳಿಯುತ್ತಿತ್ತು. ಅದೇ ಡಾಕ್ಟರ್ ಕರೆದು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟರು. ಪೆನ್ನು ಎಡಕ್ಕೆ ಸರಿಯಿತು, ಕೆಳಗೆ, ಮೇಲೆ. ಬಲಕ್ಕೆ ಬಂದಾಗ ನಾನು ಕರಡಿಗೆಯನ್ನು ಹಿಡಿದುಕೊಂಡಿದ್ದೆ. ಪೆನ್ನು ನಿಲ್ಲಲಿಲ್ಲ. ಕಪ್ಪಿನ ಮೇಲೆಯೇ ಸುತ್ತಿ ಬಂತು.

"ಸದ್ಯಕ್ಕೆ ಗಡ್ಡೆ ಕಾಣುವುದಿಲ್ಲ," ಎಂದರು. "ಆದರೂ ನೋಡುತ್ತಲೇ ಇರಬೇಕು. ಬರುವುದು ತಪ್ಪಿಸಬೇಡಿ."

ಅಕ್ಕ ಹೊರಗೆ ಬಂದರು. ನನ್ನ ಮುಖ ನೋಡಲಿಲ್ಲ, ಬೇಕೆಂದೇ. ನಾನೂ ಬೆನ್ನು ತಿರುಗಿಸಿದೆ. ಗಂಟು ಬೆವರಿಗೆ ನೆನೆದು ಬಿಗಿದಿತ್ತು. ಬೆರಳಿಗೆ ಬಗ್ಗದೆ ಹೋದಾಗ ಹಲ್ಲು ಹಾಕಿದರು. ಅವರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಸುದ್ದಿ ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು, ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ಗಂಟು ಬಿಚ್ಚಿತು. ಕಟ್ಟಿಕೊಂಡರು. ಸೆರಗು ಸರಿಮಾಡಿದರು.

"ಹೇಳೀಗ."

"ಅಂಚು ಕೂಡೇತ್ರಿ ಅಕ್ಕಾರ."

ಅವರು ಕಣ್ಣು ಮುಚ್ಚಿ ಕರಡಿಗೆಯನ್ನು ಸೆರಗಿನ ಮೇಲಿಂದಲೇ ಒತ್ತಿ ಹಿಡಿದುಕೊಂಡರು. ಸ್ಕ್ಯಾನಿನ ಹೆಂಗಸು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಳಗೆ ಸರಿದರು. ಕಣ್ಣು ತೆರೆದಾಗ ಅಕ್ಕ ನನ್ನ ಬರಿಗೊರಳಿನ ಮೇಲೆ ದಾರ ಒತ್ತಿದ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿದರು.

"ನಿಂದು ಇನ್ನಾ ಜಗಲಿ ಮ್ಯಾಲೇ ಐತೇನು?"

"ಐತ್ರಿ," ಎಂದೆ, ತಲೆ ತಗ್ಗಿಸಿ. "ನಾಳಿಂದ ಕಟ್ಟಕೋತೀನ್ರಿ."

"ಇರಲಿ ಬಿಡು," ಎಂದರು ಅಕ್ಕ, ಕಾಲುಂಗುರ ಹಾಕಿಸಿಕೊಳ್ಳಲು ಬೆಂಚಿನ ಮೇಲೆ ಕೂತು ಕಾಲು ಮುಂದೆ ಚಾಚುತ್ತ. "ನಾ ಮತ್ತ ಬರಬೇಕಲ್ಲ. ಜಾಗಾ ಖಾಲಿ ಇರಲಿ."